ಗುಳೆ ಹೋಗುವ ಮನೆಗಳ ಮಕ್ಕಳ ಓದು: ಅನುಭವ ಹಂಚಿಕೆ

ದೇವದುರ್ಗ ತಾಲ್ಲೂಕಿನ ಒಬ್ಬ ತಾಯಿಯ ಪ್ರಶ್ನೆ:

ಹತ್ತಿ ಬಿಡಿಸುವುದು ಮುಗಿದ ಮೇಲೆ ಊರಲ್ಲಿ ಕೂಲಿ ಸಿಗದ ಕಾರಣ, ಸಂಕ್ರಾಂತಿಯ ನಂತರ ನಾವಿಬ್ಬರೂ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತೇವೆ. ಮಗಳು ಐದನೆಯ ತರಗತಿಯಲ್ಲಿಯೂ ಮಗ ಎರಡನೆಯ ತರಗತಿಯಲ್ಲಿಯೂ ಇದ್ದಾರೆ. ಅತ್ತೆಯವರಿಗೆ ಕಣ್ಣು ಮಂಜಾಗಿದೆ. ಮಕ್ಕಳನ್ನು ಅವರ ಬಳಿ ಬಿಡಬೇಕೋ, ಜೊತೆಗೆ ಕರೆದೊಯ್ಯಬೇಕೋ? ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ಮಾನ್ವಿ ತಾಲ್ಲೂಕಿನ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು:

ಅಕ್ಕಾ, ಇದನ್ನು ಮನೆಯೊಳಗೇ ತೀರ್ಮಾನಿಸಬೇಡಿರಿ. ದೀಪಾವಳಿಯ ಹೊತ್ತಿಗೇ ಶಾಲೆಯಲ್ಲಿ ಮಾತನಾಡಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕಾಗಿರುವುದರಿಂದ, ಅಲ್ಲಿ ಕೂತವರಲ್ಲಿ ನಿಮ್ಮಂತೆಯೇ ಗುಳೆ ಹೋಗುವವರೂ ಇರುತ್ತಾರೆ. ನಮ್ಮೂರಲ್ಲಿ ಯಾವ ಮನೆಯವರು ಹೊರಡುತ್ತಾರೆ, ಮಕ್ಕಳ ಜೊತೆ ಯಾರು ಉಳಿಯುತ್ತಾರೆ, ಮಗು ಶಾಲೆಗೆ ಬಾರದಿದ್ದರೆ ಹೋಗಿ ವಿಚಾರಿಸುವವರು ಯಾರು ಎಂಬುದನ್ನು ಸಭೆಯಲ್ಲಿಯೇ ಬರೆದುಕೊಳ್ಳುತ್ತೇವೆ. ಎಲ್ಲರೂ ನೋಡಿಕೊಳ್ಳುತ್ತಾರೆ ಎಂದುಕೊಂಡಾಗ ಯಾರೂ ನೋಡಿಕೊಳ್ಳುವುದಿಲ್ಲ. ಒಂದು ಮಗುವಿಗೆ ಓಣಿಯ ಒಬ್ಬ ಹೆಣ್ಣುಮಗಳ ಹೆಸರು ಹಚ್ಚಿದಾಗ ಮಾತ್ರ ಕೆಲಸ ನಡೆಯುತ್ತದೆ.

ಪಾಠಕ್ಕಿಂತ ಹೆಚ್ಚು ತೊಂದರೆಯಾಗುವುದು ಬೆಳಗಿನ ಎಬ್ಬಿಸುವಿಕೆ ಮತ್ತು ರಾತ್ರಿಯ ಊಟದಲ್ಲಿ. ಬಿಸಿಯೂಟ ಮಧ್ಯಾಹ್ನಕ್ಕೆ ಮಾತ್ರ, ಅದೂ ಭಾನುವಾರ ಇರುವುದಿಲ್ಲ. ಆದುದರಿಂದ ಅತ್ತೆಯವರ ಹೆಸರು ಪಡಿತರ ಚೀಟಿಯಲ್ಲಿ ಇದೆಯೇ, ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಬೆರಳಚ್ಚನ್ನು ತೆಗೆದುಕೊಳ್ಳುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ನೋಡಿಕೊಳ್ಳಿರಿ. ವಯಸ್ಸಾದವರ ಬೆರಳಿನ ಗೆರೆ ಸವೆದಿದ್ದರೆ ಅಕ್ಕಿ ಸಿಗುವುದು ಕಷ್ಟವಾಗಬಹುದು. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಗುಳೆ ಹೋದವರ ಮಕ್ಕಳಿಗೆ ಋತುಮಾನ ವಸತಿ ಕೇಂದ್ರ (ಗುಳೆಯ ತಿಂಗಳುಗಳಲ್ಲಿ ಮಕ್ಕಳು ಉಳಿಯುವ ಜಾಗ) ತೆರೆಯಲು ಅವಕಾಶವಿದೆ. ಅದು ತಾನಾಗಿ ಬರುವುದಿಲ್ಲ; ಮಕ್ಕಳ ಪಟ್ಟಿಯೊಂದಿಗೆ ಮುಖ್ಯ ಶಿಕ್ಷಕರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಸಮಿತಿಯವರೇ ಬೇಡಿಕೆ ಕಳುಹಿಸಬೇಕು.

ಕುಷ್ಟಗಿಯ ನಿವೃತ್ತ ಶಿಕ್ಷಕಿ:

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಮಗಳ ವಿಷಯದಲ್ಲಿ ನನಗೆ ಆತಂಕವಿದೆ. ಕಣ್ಣು ಕಾಣದ ಅಜ್ಜಿ, ಚಿಕ್ಕ ತಮ್ಮ ಇರುವ ಮನೆಯಲ್ಲಿ ಹತ್ತು ವರ್ಷದ ಹುಡುಗಿಯೇ ಮನೆಯೊಡತಿಯಾಗಿಬಿಡುತ್ತಾಳೆ; ಹಾಜರಿ ಪುಸ್ತಕದಲ್ಲಿ ಹೆಸರಿದ್ದರೂ ಅವಳು ನೀರು ಹೊರುತ್ತಾ ಮನೆಯಲ್ಲಿಯೇ ಇದ್ದುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಓಣಿಯವರ ಸಹಾಯವನ್ನು ಮೊದಲು ಅಜ್ಜಿಯ ಅಡುಗೆ, ನೀರಿಗೆ ಕೇಳಿರಿ, ಆಮೇಲೆ ಓದಿಗೆ. ನಮ್ಮ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌದ್ರಿಯವರು ಎರಡು ಎಕರೆ ಜಮೀನನ್ನು ಶಾಲೆಗೆ ಕೊಟ್ಟು, ಅಲ್ಲಿಯೇ ಮಕ್ಕಳಿಗೆ ಬಿಸಿಯೂಟ ಬೇಯಿಸಿದವರು. ಅವರ ಹೆಸರು ಹೇಳಿ ಕೇಳಿದರೆ ಒಂದು ಕೊಡ ನೀರು ತಂದುಕೊಡಲು ನೆರೆಯವರು ಇಲ್ಲವೆನ್ನುವುದು ಕಷ್ಟ! ಮುಂದಿನ ವರ್ಷ ನಿಮ್ಮ ಮಗಳು ಆರನೆಯ ತರಗತಿಗೆ ಬರುವುದರಿಂದ, ಹಿಂದುಳಿದ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆಂದು 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ವಸತಿಸಹಿತ ಪ್ರವೇಶಕ್ಕೆ ಈಗಲೇ ವಿಚಾರಿಸಿರಿ.

ಲಿಂಗಸುಗೂರಿನ ಒಬ್ಬ ತಂದೆ:

ನಾವು ಮಗನನ್ನು ಕರೆದೊಯ್ದೆವು. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಶಾಲೆಯು ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆಯ ಐದನೆಯ ಸೆಕ್ಷನ್ನಿನಲ್ಲಿ ಇದೆ, ಅದನ್ನು ಹೇಳಿದ ಮೇಲೆ ಅಲ್ಲಿ ಸೇರಿಸಿಕೊಂಡರು. ಆದರೆ ಕೆಲಸದ ಜಾಗ ಬದಲಾದಾಗ ಶಾಲೆಯೂ ದೂರವಾಗಿ ಮತ್ತೆ ಹುಡುಕಬೇಕಾಯಿತು. ಎರಡನೆಯ ತರಗತಿಯ ಹುಡುಗನಿಗೆ ಅಪ್ಪ ಅಮ್ಮ ಹತ್ತಿರವಿರುವುದೇ ಮೇಲೆಂದು ನೀವು ಕರೆದೊಯ್ಯುವುದಾದರೆ, ಮೇಸ್ತ್ರಿಯಿಂದ ಮುಂಗಡ ಪಡೆಯುವ ಮುನ್ನವೇ ಕೆಲಸ ಯಾವ ಬಡಾವಣೆಯಲ್ಲಿ, ಎಷ್ಟು ತಿಂಗಳು, ನಡೆದುಹೋಗುವ ದೂರದಲ್ಲಿ ಸರ್ಕಾರಿ ಕನ್ನಡ ಶಾಲೆ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿರಿ.