ಪದಚರ್ಚೆ: ಆಟದ 'ಗ್ರೈಂಡ್'ಗೆ ಏನನ್ನೋಣ, ಬೀಸುವುದೋ ತಾಲೀಮೋ?

ಎಲ್ಲರಿಗೂ ನಮಸ್ಕಾರ,

ವಿಡಿಯೋ ಗೇಮ್ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಾಗಲೆಲ್ಲ ಒಂದು ಪದ ಕಾಲಿಗೆ ತೊಡರುತ್ತದೆ. ಗ್ರೈಂಡ್. ಬೇಕಾದ ಸಾಮಾನು ಸಿಗುವ ತನಕ, ಇಲ್ಲವೇ ಸಾಕಷ್ಟು ಬಲ ಬರುವ ತನಕ, ಆಡಿದ ಭಾಗವನ್ನೇ ಮತ್ತೆ ಮತ್ತೆ ಆಡುತ್ತಾ ಕೂರುವುದು ಅಂತ ಅದರರ್ಥ. ಆಡುವ ಹುಡುಗರಿಗೆ ತೊಂದರೆಯೇ ಇಲ್ಲ, 'ಗ್ರೈಂಡ್ ಮಾಡ್ತಿದೀನಿ' ಅಂದರೆ ಮುಗಿಯಿತು. ಆದರೆ ಆಟ ಗೊತ್ತಿಲ್ಲದ ಓದುಗರಿಗೆ ಗ್ರೈಂಡ್ ಅಂದ ಕೂಡಲೇ ಗ್ರೈಂಡರ್, ದೋಸೆಹಿಟ್ಟು ಕಣ್ಮುಂದೆ ಬರುತ್ತವೆ. ಅವರದ್ದೇನೂ ತಪ್ಪಿಲ್ಲ ಬಿಡಿ.

ಈಗ ನಾನು ಬರೆಯುತ್ತಿರುವುದು ಮಾನ್ಸ್ಟರ್ ಹಂಟರ್ ಸರಣಿಯ ಬಗ್ಗೆ. ಈ ಪದ ಇಲ್ಲದೆ ಆ ಆಟದ ಬಗ್ಗೆ ನಾಲ್ಕು ಸಾಲು ಬರೆಯುವುದೂ ಕಷ್ಟ. ಜಪಾನಿನ ಕ್ಯಾಪ್ಕಾಮ್ ಕಂಪನಿ 2004ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಅಂತ ಮೊದಲ ಆಟ ತಂದಿತು. 2018ರಲ್ಲಿ ಬಂದ 'ವರ್ಲ್ಡ್' 2 ಕೋಟಿ ಪ್ರತಿ ದಾಟಿದೆ. 2025ರ ಫೆಬ್ರವರಿ 28ರಂದು ಬಂದ 'ವೈಲ್ಡ್ಸ್' ಮೂರೇ ದಿನದಲ್ಲಿ 80 ಲಕ್ಷ ಮಾರಾಟವಾಯಿತು. ಇಷ್ಟು ಜನ ಕೊಂಡರೂ ಈ ಸರಣಿಯ ಬಗ್ಗೆ ನಡುವಿನ ಮಾತು ಆಡುವವರು ಕಡಿಮೆ. ಒಬ್ಬರು ಸಾವಿರಾರು ಗಂಟೆ ಆಡಿರುತ್ತಾರೆ. ಇನ್ನೊಬ್ಬರು ಎರಡು ಸಂಜೆಗೇ 'ಇದು ಆಟವೋ ಜೀತವೋ' ಅಂತ ಎದ್ದು ಹೋಗಿರುತ್ತಾರೆ.

ಆಟ ಹೇಗಿದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪದದ ಮಾತು ಗಾಳಿಯಲ್ಲಿ ತೇಲುತ್ತದೆ. ದೊಡ್ಡದೊಂದು ಮೃಗವನ್ನು ಬೇಟೆಯಾಡಬೇಕು. ಸಾಮಾನ್ಯವಾಗಿ 50 ನಿಮಿಷ ಸಮಯ. ಮೂರು ಸಲ ಪ್ರಜ್ಞೆ ತಪ್ಪಿ ಬಿದ್ದರೆ ಬೇಟೆ ಕೆಟ್ಟಂತೆ. ಗೆದ್ದರೆ ಅದರ ಚರ್ಮ, ಹುರುಪೆ, ಉಗುರು, ಬಾಲ ಸುಲಿದು ತಂದು ಕಮ್ಮಾರನಿಗೆ ಕೊಡಬೇಕು. ಅವನು ಕತ್ತಿ, ಕವಚ ಮಾಡಿಕೊಡುತ್ತಾನೆ. ಅದನ್ನು ತೊಟ್ಟು ಇನ್ನೂ ದೊಡ್ಡ ಮೃಗದ ಹಿಂದೆ ಹೋಗುವುದು. ಬೇರೆ ಎಷ್ಟೋ ಆಟಗಳಲ್ಲಿ ಹೊಡೆದಷ್ಟೂ ಪಾತ್ರದ ಮಟ್ಟ ಏರಿ ಮೈಯಲ್ಲಿ ಬಲ ತುಂಬುತ್ತದೆ. ಇಲ್ಲಿ ಹಾಗಿಲ್ಲ. ಬೇಟೆಗಾರನ ಮೈಯಲ್ಲಿ ಏನೂ ಬೆಳೆಯುವುದಿಲ್ಲ. ಬೆಳೆಯುವುದು ಅವನು ತೊಟ್ಟ ಸಾಮಾನು, ಇಲ್ಲವೇ ಕಂಟ್ರೋಲರ್ ಹಿಡಿದು ಕೂತವರ ಕೈ.

ನನ್ನ ತಕರಾರು ಶುರುವಾಗುವುದು ಇಲ್ಲೇ. ಸಾಮಾನು ಬೆಳೆಯುವುದು, ಕೈ ಪಳಗುವುದು, ಎರಡಕ್ಕೂ ಗ್ರೈಂಡ್ ಅನ್ನುತ್ತಾರೆ. ಹೊಗಳುವವರ ಮನಸ್ಸಿನಲ್ಲಿ ಒಂದಿದ್ದರೆ ಬೈಯುವವರ ಮನಸ್ಸಿನಲ್ಲಿ ಇನ್ನೊಂದು. ಒಂದೇ ಪದ ಹಿಡಿದು ಇಬ್ಬರೂ ವರ್ಷಗಟ್ಟಲೆ ಜಗಳ ಆಡುತ್ತಿದ್ದಾರೆ ಅಂತ ನನಗೆ ಅನಿಸಿದೆ.

ರಾಥಲೋಸ್ ಅಂತ ಒಂದು ಮೃಗ ಇದೆ. ಕೆಂಪು ಬಣ್ಣದ ಹಾರುವ ಡ್ರ್ಯಾಗನ್, ಮೊದಲ ಆಟದಿಂದಲೂ ಸರಣಿಯ ಮುಖ ಅಂದರೆ ಅದೇ. ಹೊಸಬರಿಗೆ ಅದನ್ನು ಬೀಳಿಸಲು ಮುಕ್ಕಾಲು ಗಂಟೆ ಬೇಕಾಗಬಹುದು. ಅದು ಯಾವಾಗ ಬೆಂಕಿ ಉಗುಳುತ್ತದೆ, ಯಾವ ಕಡೆಗೆ ಬಾಲ ತಿರುಗಿಸುತ್ತದೆ ಅಂತ ಕಣ್ಣಿಗೆ ಅಭ್ಯಾಸವಾದ ಮೇಲೆ ಅದೇ ಕತ್ತಿ, ಅದೇ ಕವಚದಲ್ಲಿ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಒಟ್ಟು 14 ಬಗೆಯ ಆಯುಧಗಳಿವೆ. ಆಯುಧ ಬದಲಾದರೆ ಕೈಯ ಲೆಕ್ಕವೇ ಬದಲು. ದೊಡ್ಡ ಕತ್ತಿ ಎತ್ತಿ ಒಂದು ಸಲ ಹೊಡೆತ ಶುರು ಮಾಡಿದರೆ ನಡುವೆ ಹಿಂದೆ ತೆಗೆಯಲು ಆಗುವುದಿಲ್ಲ, ಹಾಗಾಗಿ ಮೃಗ ಎರಡು ಕ್ಷಣ ಬಿಟ್ಟು ಎಲ್ಲಿರುತ್ತದೆ ಅಂತ ಮೊದಲೇ ಊಹಿಸಿ ಹೊಡೆಯಬೇಕು. ಇದನ್ನು ನಾನಂತೂ ತಾಲೀಮು ಅನ್ನುತ್ತೇನೆ. ಗರಡಿಯಲ್ಲಿ, ನಾಟಕದಲ್ಲಿ, ದಸರಾ ಆನೆಗಳಿಗೆ ಭಾರ ಹೊರಿಸಿ ನಡೆಸುವಾಗ ನಾವು ಬಳಸುವ ತಾಲೀಮೇ. ಮಾಡಿದ್ದನ್ನೇ ಮಾಡುತ್ತೇವೆ, ಆದರೆ ಪ್ರತಿ ಸಲವೂ ಮೈಗೆ ಏನೋ ಹತ್ತುತ್ತದೆ.

ಇನ್ನು ಎರಡನೆಯದು. ಅದೇ ರಾಥಲೋಸಿನ ರೂಬಿ ಅಂತ ಒಂದು ಹರಳು ಇದೆ. ಒಳ್ಳೆಯ ಆಯುಧಕ್ಕೆ ಅದು ಬೇಕೇ ಬೇಕು. ಇಂಥ ಅಪರೂಪದ ಸಾಮಾನು ಕೈಗೆ ಬರುವ ಸಾಧ್ಯತೆ ಹೆಚ್ಚಿನ ಕಡೆ ಶೇಕಡಾ ಎರಡು ಮೂರರ ಆಸುಪಾಸು. ಶೇಕಡಾ 2 ಅಂತಲೇ ಇಟ್ಟುಕೊಳ್ಳಿ. 50 ಸಲ ಸುಲಿದರೂ ಬರಿಗೈಯಲ್ಲಿ ಉಳಿಯುವವರು ನೂರಕ್ಕೆ 36 ಜನ! 100 ಸಲ ಸುಲಿದ ಮೇಲೂ 13 ಜನಕ್ಕೆ ಸಿಕ್ಕಿರುವುದಿಲ್ಲ. ಅಷ್ಟು ಹೊತ್ತಿಗೆ ಕೈ ಪಳಗಿ ಎಷ್ಟೋ ದಿನ ಆಗಿರುತ್ತದೆ, ಕಲಿಯಲು ಏನೂ ಬಾಕಿ ಇರುವುದಿಲ್ಲ, ಸುಮ್ನೆ ಅದೃಷ್ಟಕ್ಕೆ ಕಾಯುತ್ತಾ ಅದೇ ಮೃಗವನ್ನು ಅದೇ ಗುಡ್ಡದಲ್ಲಿ ಅದೇ ರೀತಿ ಹೊಡೆಯುತ್ತಾ ಇರುತ್ತೇವೆ. ಜಪಾನಿನ ಆಟಗಾರರು ಇದಕ್ಕೆ 'ಬುತ್ಸುಯೊಕು ಸೆನ್ಸರ್' ಅಂತ ತಮಾಷೆಯ ಹೆಸರು ಇಟ್ಟಿದ್ದಾರೆ. ಆಸೆ ಪತ್ತೆ ಮಾಡುವ ಯಂತ್ರ ಅನ್ನಬಹುದು. ನಿಮಗೆ ಏನು ಬೇಕು ಅಂತ ಆಟಕ್ಕೆ ಹೇಗೋ ಗೊತ್ತಾಗುತ್ತದಂತೆ, ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಡುತ್ತದಂತೆ. ಪಕ್ಕದಲ್ಲಿ ಕೂತು ಆಡುವ ಗೆಳೆಯನಿಗೆ ಅದೇ ಹರಳು ಎರಡೆರಡು ಬಿದ್ದಿರುತ್ತದೆ, ಅಲ್ವಾ!

ಈ ಎರಡನೆಯದಕ್ಕೆ ಯಾವ ಪದ? ಕನ್ನಡದಲ್ಲಿ ಕಲ್ಲಿಗೆ ತಿಕ್ಕುವ ಕೆಲಸಗಳಿಗೆ ಹೆಸರು ಬೇಕಾದಷ್ಟಿವೆ. ಅಕ್ಕಿ ನೆನೆಸಿ ರುಬ್ಬುತ್ತೇವೆ, ರಾಗಿ ಬೀಸುತ್ತೇವೆ, ಚಟ್ನಿ ಅರೆಯುತ್ತೇವೆ, ಗಂಧ ತೇಯುತ್ತೇವೆ, ಕುಡುಗೋಲಿಗೆ ಸಾಣೆ ಹಿಡಿಯುತ್ತೇವೆ. ಸಾಣೆ ಹಿಡಿಯುವುದು ಈ ಆಟದೊಳಗೇ ಬೇರೆ ಕೆಲಸವಾಗಿ ಇದೆ, ಹೊಡೆದಷ್ಟೂ ಕತ್ತಿ ಮೊಂಡಾಗುತ್ತದೆ, ಬೇಟೆಯ ನಡುವೆ ಕೂತು ಮಸೆಯಬೇಕು. ಹಾಗಾಗಿ ಅದನ್ನು ಇಲ್ಲಿ ಬಳಸಿದರೆ ಗೊಂದಲ. 'ಅರೆದದ್ದನ್ನೇ ಅರೆಯುವುದು' ಚೆನ್ನಾಗಿದೆ, ಆದರೆ ಅದರಲ್ಲಿ ಬೈಗುಳ ಜಾಸ್ತಿ. ಚರ್ವಿತಚರ್ವಣ ಪಂಡಿತರ ಪದ, ಹದಿನೆಂಟರ ಹುಡುಗ ಓದಿ ನಗುತ್ತಾನೆ. ಗೇಯ್ಮೆ ಅಂದರೆ ಹೊಲ ನೆನಪಾಗುತ್ತದೆ, ಮತ್ತೆ ಗೇಯ್ದವರಿಗೆ ಬೆಳೆ ಬರುತ್ತದೆ ಅನ್ನುವ ಭರವಸೆಯಾದರೂ ಅದರಲ್ಲಿದೆ. ಜೀತ, ಚಾಕರಿ ಇವು ಯಾರೋ ಮೇಲೆ ನಿಂತು ಮಾಡಿಸುವ ಕೆಲಸ, ಆಟವನ್ನು ನಾವಾಗಿಯೇ ದುಡ್ಡು ಕೊಟ್ಟು ತಂದಿದ್ದೇವೆ.

ನನ್ನ ಓಟು ಬೀಸುವುದಕ್ಕೆ. ಈ ಆಟಕ್ಕೆ ಒಂದು ಲಾಭವೂ ಇದೆ ನೋಡಿ, ಕನ್ನಡದಲ್ಲಿ ರಾಗಿಯನ್ನೂ ಬೀಸುತ್ತೇವೆ, ಕತ್ತಿಯನ್ನೂ ಬೀಸುತ್ತೇವೆ, ಬಲೆಯನ್ನೂ ಬೀಸುತ್ತೇವೆ. 'ಎರಡು ವಾರದಿಂದ ರಾಥಲೋಸ್ ಬೀಸ್ತಿದೀನಿ ಮಾರಾಯ' ಅಂತ ಯಾರಾದರೂ ಅಂದರೆ ನನಗಂತೂ ಪೂರ್ತಿ ಅರ್ಥವಾಗುತ್ತದೆ. ನಿಮಗೆ?

ಬೀಸುವುದು ಹಿಡಿಸಲು ಇನ್ನೊಂದು ಕಾರಣ ಇದೆ. ಬೀಸುಕಲ್ಲಿನ ಮುಂದೆ ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು, ಬೀಸುವ ಹಾಡು ಹೇಳುತ್ತಾ ಬೀಸಿದರೆ ಬೇಸರ ಕಳೆಯುತ್ತಿತ್ತು, ಒಬ್ಬರೇ ಕೂತರೆ ರಟ್ಟೆ ನೋವು ಗೊತ್ತಾಗುತ್ತಿತ್ತು. ಈ ಸರಣಿಯ ಕತೆಯೂ ಹಾಗೇ. ಜಪಾನಿನಲ್ಲಿ ಇದು ಮನೆಮಾತಾದದ್ದು ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಯಲ್ಲಿ, ನಾಲ್ಕು ಜನ ಒಂದು ಹೋಟೆಲಿನ ಮೇಜಿನ ಸುತ್ತ ಕೂತು ಆಡುವಾಗ. ಹರಟೆ ಹೊಡೆಯುತ್ತಾ ಅದೇ ಮೃಗವನ್ನು ಇಪ್ಪತ್ತು ಸಲ ಹೊಡೆದರೂ ಯಾರಿಗೂ ಭಾರ ಅನಿಸಲಿಲ್ಲ. ಅದೇ ಆಟ ಹೊರದೇಶಕ್ಕೆ ಬಂದಾಗ ಪಕ್ಕದಲ್ಲಿ ಪಿಎಸ್‌ಪಿ ಹಿಡಿದ ಇನ್ನೊಬ್ಬ ಬೇಟೆಗಾರ ಸಿಗುವುದು ಕಷ್ಟ. ಮೇಲಾಗಿ ಆಗಿನ ಆಟಗಳಲ್ಲಿ ಗುಂಪಿಗೆ ಅಂತ ಇಟ್ಟ ಬೇಟೆಗೆ ಒಬ್ಬರೇ ಹೋದರೂ ಮೃಗದ ಕಸುವು ಒಂದಿಷ್ಟೂ ಇಳಿಯುತ್ತಿರಲಿಲ್ಲ. ನಾಲ್ಕು ಜನರ ಕೆಲಸ ಒಬ್ಬನ ತಲೆಗೆ. 2010ರಲ್ಲಿ ಬಂದ 'ಪೋರ್ಟಬಲ್ ಥರ್ಡ್' ಜಪಾನಿನಲ್ಲಿ ಹುಚ್ಚೆದ್ದು ಮಾರಾಟವಾದರೂ ಪಿಎಸ್‌ಪಿಯಲ್ಲಿ ಹೊರದೇಶಗಳಿಗೆ ಬರಲೇ ಇಲ್ಲ. ಹಾಗಾಗಿ ಹೊರಗಿನವರು ಬೈದದ್ದು ಸೋಮಾರಿತನದಿಂದ ಅಂತ ಹಳಬರು ಹೇಳುವುದನ್ನು ನಾನು ಒಪ್ಪುವುದಿಲ್ಲ.

ವರ್ಲ್ಡ್ ಬಂದಮೇಲೆ ತುಂಬಾ ಬದಲಾಯಿತು. ಒಂದೊಂದು ಜಾಗಕ್ಕೂ ಲೋಡಿಂಗ್ ಪರದೆ ಬರುತ್ತಿದ್ದದ್ದು ನಿಂತಿತು. ಮೊದಲು ಔಷಧಿ ಕುಡಿದರೆ ಬೇಟೆಗಾರ ನಿಂತಲ್ಲೇ ನಿಂತು ತೋಳು ತೋರಿಸುತ್ತಿದ್ದ, ಅಷ್ಟರಲ್ಲಿ ಮೃಗ ಬಂದು ಗುದ್ದುತ್ತಿತ್ತು. ಈಗ ನಡೆಯುತ್ತಾ ಕುಡಿಯಬಹುದು. ಹಳಬರಲ್ಲಿ ಕೆಲವರಿಗೆ ಇದೂ ಬೇಸರ! ಅವರ ಪ್ರಕಾರ ಆ ತೋಳು ತೋರಿಸುವುದೂ ತಾಲೀಮಿನ ಭಾಗವೇ, ಔಷಧಿ ಯಾವಾಗ ಕುಡಿಯಬೇಕು ಅನ್ನುವುದೂ ಒಂದು ವಿದ್ಯೆ. ಆದರೆ ಇದೇ ವರ್ಲ್ಡ್‌ನಲ್ಲಿ ಕವಚಕ್ಕೆ ಜೋಡಿಸುವ ಮಣಿಗಳನ್ನು ಪೂರ್ತಿ ಅದೃಷ್ಟಕ್ಕೆ ಬಿಟ್ಟರು, ಅಂದರೆ ಬೀಸುವುದು ಜಾಸ್ತಿಯಾಯಿತು. 2019ರ ವಿಸ್ತರಣೆ 'ಐಸ್‌ಬೋರ್ನ್'ನಲ್ಲಿ ಗೈಡಿಂಗ್ ಲ್ಯಾಂಡ್ಸ್ ಅಂತ ಒಂದು ಜಾಗ. ಅಲ್ಲಿ ಒಂದು ಕಡೆಯ ಮಟ್ಟ ಏರಿಸಿದರೆ ಇನ್ನೊಂದು ಕಡೆಯದು ಇಳಿಯುತ್ತಿತ್ತು. ಇದನ್ನು ಸರಣಿಯ ಭಕ್ತರೇ ಸಹಿಸಲಿಲ್ಲ. 2021ರ 'ರೈಸ್' ಬೇಟೆಯ ವೇಗ ಹೆಚ್ಚಿಸಿತು, ಮಣಿಗಳನ್ನು ಮಾಡಿಸಿಕೊಳ್ಳುವ ಹಾಗೆ ಮಾಡಿತು, ಆದರೆ ತಾಯಿತಗಳನ್ನು ಅದೃಷ್ಟಕ್ಕೇ ಉಳಿಸಿತು. ಒಂದು ಕಡೆ ಸಡಿಲ ಬಿಟ್ಟರೆ ಇನ್ನೊಂದು ಕಡೆ ಬಿಗಿ.

ವೈಲ್ಡ್ಸ್ ಬಂದಾಗ ಜಗಳ ತಲೆಕೆಳಗಾಯಿತು. ಮೃಗಗಳು ಬೇಗ ಬೀಳುತ್ತವೆ, ಕತೆ ಮುಗಿದ ಮೇಲೆ ಮಾಡಲು ಏನೂ ಇಲ್ಲ ಅಂತ ಹಳಬರೇ ಗೊಣಗಿದರು. ಕಂಪ್ಯೂಟರಿನಲ್ಲಿ ಆಟ ತಡವರಿಸಿದ್ದಕ್ಕೆ ಆಟ ಮಾರುವ ಸ್ಟೀಮ್ ಜಾಲತಾಣದಲ್ಲಿ ಬಿದ್ದ ಬೈಗುಳದ ರಾಶಿ ಬೇರೆಯೇ, ಅದನ್ನು ಇಲ್ಲಿಗೆ ಸೇರಿಸುವುದು ಬೇಡ. ಗ್ರೈಂಡ್ ಜಾಸ್ತಿ ಅಂತ ಬೈಸಿಕೊಂಡ ಸರಣಿ ಗ್ರೈಂಡ್ ಸಾಲದು ಅಂತಲೂ ಬೈಸಿಕೊಂಡಿತು. ಒಂದೇ ಪದ ಇಟ್ಟುಕೊಂಡು ಇದನ್ನು ಬರೆದರೆ ಓದುಗರು ಈ ಜನಕ್ಕೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಎರಡು ಪದ ಇದ್ದರೆ ಸರಿಹೋಗುತ್ತದೆ. ಹಳಬರು ಕೇಳುತ್ತಿರುವುದು ತಾಲೀಮು: ಕೈಗೆ ಸವಾಲಾಗುವ ಮೃಗ ಕೊಡಿ ಅಂತ. ಕಂಪನಿಗೆ ಸುಲಭವಾಗಿ ಕೊಡಲು ಆಗುವುದು ಬೀಸುವುದು: ಒಂದು ಶೇಕಡಾವಾರು ಅಂಕಿ ಇಳಿಸಿದರೆ ಹತ್ತು ಗಂಟೆಯ ಆಟ ಐವತ್ತಾಗುತ್ತದೆ. ಒಂದು ಹೊಸ ಮೃಗದ ನಡೆ, ದಾಳಿ, ದನಿ ಎಲ್ಲ ಮಾಡಲು ಎಷ್ಟು ಕೆಲಸ ಹಿಡಿಯುತ್ತದೆ ನೀವೇ ಊಹಿಸಿ.

ಎರಡನ್ನೂ ಪೂರ್ತಿ ಬೇರೆ ಮಾಡಲು ಆಗುತ್ತದಾ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಪೂರ್ತಿ ಆಗುವುದಿಲ್ಲ. ಹರಳಿಗೆ ಅಂತ ಹೋದವರ ಕೈ ಪಳಗುವುದೂ ಉಂಟು, ಹರಳಿನ ಆಸೆ ಇಲ್ಲದಿದ್ದರೆ ಎಷ್ಟೋ ಜನ ಆ ಮೃಗದ ಹತ್ತಿರ ಎರಡನೇ ಸಲ ಹೋಗುತ್ತಲೇ ಇರಲಿಲ್ಲ. ಆದರೂ ಬರೆಯುವಾಗ ಎರಡು ಪದ ಬೇಕು ಅಂತಲೇ ನನ್ನ ಅಭಿಪ್ರಾಯ.

ಹಾಗಾಗಿ ಕೇಳುವುದು ಇಷ್ಟು. ಬೀಸುವುದು, ತಾಲೀಮು ಇವೆರಡು ನಿಮ್ಮ ಕಿವಿಗೆ ಹೇಗೆ ಕೇಳುತ್ತವೆ? ಗಿರಣಿ ಬಂದಮೇಲೆ ಹುಟ್ಟಿದ ಹುಡುಗರಿಗೆ ಬೀಸುವುದು ಅಂದರೆ ಗಾಳಿ ಮಾತ್ರವಾ? ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ಮನೆಯ ಮಕ್ಕಳು ಮೊಬೈಲ್ ಆಟ ಆಡುವಾಗ ಇದಕ್ಕೆ ಏನನ್ನುತ್ತಾರೆ ಅಂತ ಕೇಳಿ ಬರೆಯಿರಿ. ಅವರ ಬಾಯಲ್ಲಿ ಆಗಲೇ ಪದ ಇದ್ದರೆ ನಾವು ಕಟ್ಟುವುದು ಯಾಕೆ?

ಇನ್ನೊಂದು ಪದ ಬಾಕಿ ಇದೆ. ಈ ಆಟದಲ್ಲಿ ಪ್ರಜ್ಞೆ ತಪ್ಪಿ ಬಿದ್ದರೆ ಬೆಕ್ಕುಗಳು ಬಂದು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋಗಿ ಬಿಡಾರದ ಮುಂದೆ ಸುರಿಯುತ್ತವೆ. ಆಟಗಾರರು ಇದಕ್ಕೆ 'ಕಾರ್ಟ್ ಆದೆ' ಅನ್ನುತ್ತಾರೆ. 'ಗಾಡಿ ಹತ್ತಿದೆ' ಅಂತ ಬರೆದಿದ್ದೇನೆ, ಆದರೆ ತಾನಾಗಿ ಹತ್ತಿ ಕೂತ ಹಾಗೆ ಕೇಳುತ್ತದೆ. 'ಗಾಡಿಗೆ ಬಿದ್ದೆ' ಅಂದರೆ ಗಾಡಿಯೇ ಮೈಮೇಲೆ ಹರಿದ ಹಾಗೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.