ಸಹಾಯ ಬೇಕು: ಡೆಬಿಯನ್ 12 ಲಿನಕ್ಸಲ್ಲಿ ಕೇಬಲ್ ಹಾಕಿದ್ರೆ ವೈಫೈ ನೆಟ್ ನಿಲ್ಲುತ್ತೆ

ಇಂಟರ್ನೆಟ್ ಬರೋದು ವೈಫೈಯಿಂದ. ಕೇಬಲ್ ಹೋಗೋದು ಇಂಟರ್ನೆಟ್ ಇಲ್ಲದ ಹಳೇ ರೂಟರಿಗೆ (192.168.0.1), ಅದರ ಹಿಂದೆ 192.168.50.0 ನೆಟ್‌ವರ್ಕಲ್ಲಿ ಪ್ರಿಂಟರ್ ಇದೆ. ಕೇಬಲ್ ಹಾಕಿದ ತಕ್ಷಣ ಬ್ರೌಸರ್ ಸುಮ್ಮನೆ ತಿರುಗ್ತಾ ಇರುತ್ತೆ. ಟರ್ಮಿನಲ್ಲಲ್ಲಿ ನೆಟ್‌ವರ್ಕ್ ದಾರಿಗಳ ಪಟ್ಟಿ ತೋರಿಸೋ ‘ಐಪಿ ರೂಟ್’ ಕಮಾಂಡ್ ಕೊಟ್ರೆ ಡಿಫಾಲ್ಟ್ ಸಾಲು (ಬೇರೆ ದಾರಿ ಹೇಳಿಲ್ಲದ್ದೆಲ್ಲ ಹೋಗೋ ದಾರಿ) ಎರಡು: ಕೇಬಲ್‌ದು ಮೆಟ್ರಿಕ್ (ಆದ್ಯತೆಯ ಸಂಖ್ಯೆ) 100, ವೈಫೈದು 600. ಕಮ್ಮಿ ಸಂಖ್ಯೆಗೇ ಆದ್ಯತೆ, ಹಾಗಾಗಿ ಎಲ್ಲಾ ಕೇಬಲ್ ಕಡೆಗೇ ಹೋಗ್ತಿದೆ.

ನೆಟ್‌ವರ್ಕ್ ಸೆಟ್ಟಿಂಗ್ಸಲ್ಲಿ ಕೇಬಲ್ ಪ್ರೊಫೈಲಿನ ಐಪಿವಿ4 ಟ್ಯಾಬಲ್ಲಿ, ಈ ಕನೆಕ್ಷನ್ ಅದರದೇ ನೆಟ್‌ವರ್ಕಿಗೆ ಮಾತ್ರ ಅನ್ನೋ ಕೊನೆಯ ಟಿಕ್ ಹಾಕಿ ಆಫ್-ಆನ್ ಮಾಡಿದೆ. ಇಂಟರ್ನೆಟ್ ಬಂತು, ಆದ್ರೆ ಬೇರೆ ನೆಟ್‌ವರ್ಕಲ್ಲಿರೋ ಪ್ರಿಂಟರ್ ಹೋಯ್ತು! ಟರ್ಮಿನಲ್ಲಲ್ಲಿ ‘ಐಪಿ ರೂಟ್ ಆ್ಯಡ್’ ಕೊಟ್ಟು 192.168.50.0/24ಕ್ಕೆ ಹಳೇ ರೂಟರಿನ ದಾರಿ ಸೇರಿಸಿದ್ರೆ ಪ್ರಿಂಟ್ ಬರುತ್ತೆ. ಕೇಬಲ್ ಕಿತ್ತು ಮತ್ತೆ ಹಾಕಿದ್ರೆ ಆ ಸಾಲು ಮಾಯ.

ಇದೇ ದಾರೀನ ಅದೇ ಟ್ಯಾಬಿನ ರೂಟ್ಸ್ ಭಾಗದಲ್ಲಿ ಬರೆದ್ರೆ, ಆ ಟಿಕ್ ಇದ್ದೂ ಖಾಯಂ ಉಳಿಯುತ್ತಾ? ಅಥವಾ ಟಿಕ್ ತೆಗೆದು ಕೇಬಲ್ ಮೆಟ್ರಿಕ್ 700 ಮಾಡಬೇಕಾ?