ಕೆಳಮನೆ ಬಳಗದಲ್ಲಿ 30ಎ

ಭಾನುವಾರ ಬೆಳಿಗ್ಗೆ ನಮ್ಮ ಕುಟುಂಬದ ‘ಕೆಳಮನೆ ಬಳಗ’ ವಾಟ್ಸಾಪ್ ಗುಂಪಿಗೆ ಶಿವಮೊಗ್ಗ ಅತ್ತೆ ಒಂದು ಫಾರ್ವರ್ಡ್ ಹಾಕಿದರು. ತಲೆಯ ಮೇಲೆ ಎರಡು ಬಾಣದ ಗುರುತು. ಅಂದರೆ ಊರೆಲ್ಲ ಸುತ್ತಿ ಬಂದ ಮಾಲು. ಸಂವಿಧಾನದ 30ನೇ ವಿಧಿ ಪ್ರಕಾರ ಮದರಸಾದಲ್ಲಿ ಕುರಾನ್ ಕಲಿಸಬಹುದಂತೆ, 30ಎ ಪ್ರಕಾರ ಶಾಲೆಯಲ್ಲಿ ಭಗವದ್ಗೀತೆ ಕಲಿಸುವ ಹಾಗಿಲ್ಲವಂತೆ. ಇದೆಲ್ಲ ನೆಹರೂ ಮಾಡಿದ ಮೋಸವಂತೆ. ಕೊನೆಗೆ, ಹತ್ತು ಜನರಿಗೆ ಕಳಿಸಿ ಎಂಬ ಅಪ್ಪಣೆ.

ಐದೇ ನಿಮಿಷದಲ್ಲಿ ಏಳು ಕೈಮುಗಿದ ಗುರುತು ಬಿದ್ದವು. ಕೊಪ್ಪದ ಭಾವ “ಕಟು ಸತ್ಯ” ಎಂದರು. ಭಾವನಿಗೆ ಎಲ್ಲವೂ ಕಟು ಸತ್ಯವೇ. ಹೋದ ತಿಂಗಳು ಬೆಂಡೆಕಾಯಿ ನೀರು ಕುಡಿದರೆ ಸಕ್ಕರೆ ಕಾಯಿಲೆ ವಾಸಿ ಅನ್ನುವುದಕ್ಕೂ ಇದನ್ನೇ ಹಾಕಿದ್ದರು.

ಆಮೇಲೆ ಬೆಂಗಳೂರಿನಲ್ಲಿ ವಕೀಲಿ ಮಾಡುವ ಸುಮಕ್ಕ ಬಂದಳು.

“ಅತ್ತೆ, 30ಎ ಅನ್ನುವ ವಿಧಿಯೇ ಸಂವಿಧಾನದಲ್ಲಿಲ್ಲ. ಇದಕ್ಕೆ ಆಧಾರ ಏನು?”

“ಬಂತು, ಕಳಿಸಿದೆ. ಆಧಾರ ಕೇಳುವುದಕ್ಕೆ ಇದೇನು ಬ್ಯಾಂಕಾ?”

ದೊಡ್ಡಪ್ಪ ಸರ್ಕಾರಿ ಶಾಲೆಯ ನಿವೃತ್ತ ಹೆಡ್‌ಮಾಸ್ಟರು. ಫೋನಿನಲ್ಲೂ ಪೂರ್ಣವಿರಾಮ ಬಿಡುವವರಲ್ಲ. “ಮಗು, ಹಿರಿಯರು ಹಾಕಿದ್ದಕ್ಕೆ ಹೀಗೆ ಎದುರುತ್ತರ ಕೊಡುವುದು ನಮ್ಮ ಮನೆತನದ ಸಂಸ್ಕಾರವಲ್ಲ. ಶಾಲೆಗಳಲ್ಲಿ ನೀತಿಪಾಠ ನಿಂತು ಹೋದದ್ದರ ಫಲ ಇದು.”

ಸುಮಕ್ಕ ಉದ್ದಕ್ಕೆ ಬರೆದಳು. ಅದನ್ನು ಪೂರ್ತಿ ಓದಿದವನು ಬಹುಶಃ ನಾನೊಬ್ಬನೇ. ಹಾಗಾಗಿ ಇಲ್ಲಿ ಹಾಕುತ್ತೇನೆ.

“ಇರುವುದು 30ಎ ಅಲ್ಲ, 30(1ಎ). 1978ರ 44ನೇ ತಿದ್ದುಪಡಿಯಲ್ಲಿ ಸೇರಿದ್ದು. ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆಯ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡರೆ ಪರಿಹಾರ ಹೇಗಿರಬೇಕು ಅಂತ ಹೇಳುತ್ತದೆ, ಅಷ್ಟೇ. ಗೀತೆಯ ಸುದ್ದಿಯೇ ಅಲ್ಲಿಲ್ಲ. ಅಷ್ಟಕ್ಕೂ 1978ರಲ್ಲಿ ನೆಹರೂ ಎಲ್ಲಿದ್ದರು? ಅವರು ತೀರಿಕೊಂಡದ್ದು 1964ರಲ್ಲಿ. ಸರ್ಕಾರಿ ಶಾಲೆಯ ವಿಷಯ ಇರುವುದು 28ನೇ ವಿಧಿಯಲ್ಲಿ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಕೂಡದು. ಗೀತೆಯೂ ಇಲ್ಲ, ಕುರಾನೂ ಇಲ್ಲ, ಬೈಬಲ್ಲೂ ಇಲ್ಲ. ಅನುದಾನಿತ ಶಾಲೆಯಲ್ಲಿ ಬೋಧನೆ ಇರಬಹುದು, ಆದರೆ ಅಪ್ಪ ಅಮ್ಮ ಒಪ್ಪದೆ ಮಗುವನ್ನು ಕೂರಿಸುವ ಹಾಗಿಲ್ಲ. ಧರ್ಮಗಳ ಬಗ್ಗೆ ತಿಳಿವಳಿಕೆಯಾಗಿ ಪಾಠ ಮಾಡುವುದಕ್ಕೆ ತಡೆಯಿಲ್ಲ, ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ.”

ಅತ್ತೆಯ ಉತ್ತರ ತಕ್ಷಣ ಬಂತು. ‘ಇನ್ನಷ್ಟು ಓದಿ’ ಒತ್ತಲು ಬೇಕಾದಷ್ಟು ಹೊತ್ತೂ ಆಗಿರಲಿಲ್ಲ.

“ಇಷ್ಟುದ್ದ ಬರೆಯಲು ಪುರುಸೊತ್ತಿದೆ. ನಿನ್ನಜ್ಜಿಯ ವರ್ಷಾಂತಿಕಕ್ಕೆ ಬರಲು ಇರಲಿಲ್ಲ ಅಲ್ವಾ?”

“ಅತ್ತೆ, ಅವತ್ತು ನನಗೆ ಕೋರ್ಟಿತ್ತು.”

“ಹೌದಮ್ಮ. ಮದುವೆಯನ್ನೂ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಮುಗಿಸಿಕೊಂಡವಳು ನೀನು. ನಿನಗೆ ಗೀತೆ ಯಾಕೆ ಬೇಕು?”

ಇಲ್ಲಿಗೆ ಸಂವಿಧಾನದ ಕಥೆ ಮುಗಿಯಿತು. ಸುಮಕ್ಕನ ಅಮ್ಮ, ನಮ್ಮ ಚಿಕ್ಕಮ್ಮ, ವರ್ಷಗಟ್ಟಲೆ ಈ ಗುಂಪಿನಲ್ಲಿ ಬಾಯಿ ಬಿಟ್ಟವರಲ್ಲ. “ಅತ್ತಿಗೆ, ಮದುವೆ ವಿಷಯ ಇಲ್ಲಿ ಬೇಡ” ಎಂದು ಬರೆದರು. ಅತ್ತೆ, “ನಿನ್ನ ಸಿಟ್ಟು ಯಾವುದಂತ ಗೊತ್ತು, ತೋಟದ ಪಾಲಿನದು” ಎಂದರು. ತೋಟ ಪಾಲಾದಾಗ ನಾನಿನ್ನೂ ಪ್ರೈಮರಿಯಲ್ಲಿದ್ದೆ. ಆ ಅರ್ಧ ಎಕರೆ ಅಡಿಕೆ ಈ ಗುಂಪಿನಲ್ಲಿ ಇನ್ನೂ ಒಣಗಿಲ್ಲ.

ಮಾತು ತಿರುಗಿಸಲು ಮುಂಬೈ ಚಿಕ್ಕಪ್ಪ ಬಂದರು. “30ಎ ಹೋಗಲಿ ಬಿಡಿ. 30 ಅಂತೂ ಇದೆಯಲ್ಲ? ತಮ್ಮದೇ ಶಾಲೆ ಕಾಲೇಜು ಕಟ್ಟಿ ನಡೆಸುವ ಈ ಸವಲತ್ತು ಅಲ್ಪಸಂಖ್ಯಾತರಿಗೆ ಮಾತ್ರ ಯಾಕೆ? ಅದನ್ನೇ ಕಿತ್ತು ಹಾಕಬೇಕು.”

ಇದು ಕೇಳಬೇಕಾದ ಪ್ರಶ್ನೆಯೇ. ಆದರೆ ಕೇಳಿದವರು ಚಿಕ್ಕಪ್ಪ. ಅಲ್ಲಿಯ ಒಂದು ಕನ್ನಡ ಶಾಲೆಯ ಸಮಿತಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಸುಮಕ್ಕ ಬಿಡಲಿಲ್ಲ.

“ಚಿಕ್ಕಪ್ಪ, 30ನೇ ವಿಧಿ ಧರ್ಮದ ಅಲ್ಪಸಂಖ್ಯಾತರಿಗೆ ಮಾತ್ರ ಅಲ್ಲ, ಭಾಷೆಯ ಅಲ್ಪಸಂಖ್ಯಾತರಿಗೂ ಇದೆ. ಮಹಾರಾಷ್ಟ್ರದಲ್ಲಿ ಕನ್ನಡದವರು ಅಲ್ಪಸಂಖ್ಯಾತರು. ಯಾರು ಅಲ್ಪಸಂಖ್ಯಾತರು ಅಂತ ಆಯಾ ರಾಜ್ಯದ ಲೆಕ್ಕದಲ್ಲೇ ನೋಡಬೇಕು ಅಂತ 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ ಹೇಳಿತು. ಅದು ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ್ದೇ ಕೇಸು. ಅವರು ಕೊಂಕಣಿ ಭಾಷಿಕರು ಅಂತ ಹಕ್ಕು ಕೇಳಿದ್ದರು. 30 ಕಿತ್ತು ಹಾಕಿದರೆ ಮೊದಲು ಹೋಗುವ ಹಕ್ಕು ನಿಮ್ಮ ಶಾಲೆಯದು.”

ಚಿಕ್ಕಪ್ಪ “ಅದು ಬೇರೆ, ಇದು ಬೇರೆ” ಎಂದರು. ಸ್ವಲ್ಪ ಹೊತ್ತಿಗೆ ಅವರ ಹಿಂದಿನ ಮೆಸೇಜಿನ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂದಿತ್ತು. ಭಾವ ಅಷ್ಟರಲ್ಲಿ ಮುಜರಾಯಿ ದುಡ್ಡು ಎಲ್ಲಿ ಹೋಗುತ್ತದೆ ಎಂದು ಶುರು ಮಾಡಿದ್ದರು. ಅದಕ್ಕೆ ಉತ್ತರ ಬರುವ ಮೊದಲೇ ಹಿಜಾಬಿಗೆ ಹೋದರು. “ಸುಪ್ರೀಂ ಕೋರ್ಟೇ ಬೇಡ ಅಂದಿದೆ” ಎಂದರು. ಸುಮಕ್ಕ, “2022ರ ಅಕ್ಟೋಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಥರ ತೀರ್ಪು ಕೊಟ್ಟರು ಭಾವ. ಬೇಡ ಅಂದದ್ದು ಹೈಕೋರ್ಟು” ಎಂದಳು. ಭಾವ ಹೆಬ್ಬೆರಳು ಎತ್ತಿದ ಗುರುತು ಹಾಕಿದರು. ಅದು ಒಪ್ಪಿಗೆಯೋ ವ್ಯಂಗ್ಯವೋ ಅವರಿಗೇ ಗೊತ್ತು.

ಡಲ್ಲಾಸ್ ಪ್ರಸಾದಣ್ಣನಿಗೆ ಆಗ ರಾತ್ರಿ. ಅವನಿಗೆ ರಾತ್ರಿಯಾದರೆ ಊರು ನೆನಪಾಗುತ್ತದೆ.

“ನಮ್ಮ ಕಾಲದಲ್ಲಿ ಈ ಗಲಾಟೆ ಎಲ್ಲಿತ್ತು? ಶಾಲೆಯಲ್ಲಿ ಶಾರದಾ ಪೂಜೆ ಅಂದರೆ ಹಬ್ಬ. ಹುಡುಗಿಯರು ಸಗಣಿ ಸಾರಿಸಿ ರಂಗೋಲಿ ಹಾಕೋರು. ನಾನೂ ಬಶೀರನೂ ಮಾವಿನ ಮರ ಹತ್ತಿ ತೋರಣಕ್ಕೆ ಎಲೆ ಕೀಳ್ತಿದ್ವಿ. ಸಾಗವಾನಿ ಎಲೆಯಲ್ಲಿ ಸಿಹಿ ಅವಲಕ್ಕಿ. ಎಲೆಯ ಕೆಂಪು ಅವಲಕ್ಕಿಗೆ ಹತ್ತಿ, ಬೆರಳೆಲ್ಲ ಕೆಂಪು. ಎಲ್ಲರೂ ಒಟ್ಟಿಗೆ ತಿಂತಿದ್ವಿ. ಈಗಿನವರಿಗೆ ಎಲ್ಲದರಲ್ಲೂ ಧರ್ಮ ಕಾಣುತ್ತೆ. ಇಲ್ಲೂ ಅದೇ ಕಾಟ. ಟೆಕ್ಸಾಸಿನಲ್ಲಿ 2025ರಲ್ಲಿ ಕಾನೂನು ತಂದರು, ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನಲ್ಲೂ ಬೈಬಲ್ಲಿನ ಹತ್ತು ಆಜ್ಞೆಗಳ ಪೋಸ್ಟರು ಹಾಕಬೇಕಂತೆ. ನಮ್ಮ ಮಕ್ಕಳು ಯಾಕೆ ಅದನ್ನು ನೋಡ್ತಾ ಕೂರಬೇಕು?”

ಅವಲಕ್ಕಿಯ ಸಾಲಿಗೆ ಒಂಬತ್ತು ಹೃದಯದ ಗುರುತು ಬಿದ್ದವು. ಕೊನೆಯ ಸಾಲನ್ನು ಹಿಡಿದುಕೊಂಡವಳು ಸುಮಕ್ಕ ಮಾತ್ರ.

“ಪ್ರಸಾದಣ್ಣ, ಕ್ಲಾಸಿನಲ್ಲಿ ಗೀತೆ ಬೇಕು ಅನ್ನುವ ಮೆಸೇಜಿಗೆ ಬೆಳಿಗ್ಗೆ ಕೈಮುಗಿದವರಲ್ಲಿ ನೀನೂ ಇದ್ದೀಯ. ಟೆಕ್ಸಾಸಿನ ಪೋಸ್ಟರು ಮಾತ್ರ ಬೇಡವಾ?”

“ಗೀತೆ ಜೀವನ ವಿಧಾನ ಕಣೇ.”

“ಅಲ್ಲಿಯವರೂ ಕೋರ್ಟಿನಲ್ಲಿ ಅದನ್ನೇ ಹೇಳಿದ್ದಾರೆ. ಇದು ಧರ್ಮ ಅಲ್ಲ, ನಮ್ಮ ಪರಂಪರೆ ಅಂತ.”

ಪ್ರಸಾದಣ್ಣ ಉತ್ತರಿಸಲಿಲ್ಲ. ಬದಲಿಗೆ ಯಾರ ಹತ್ತಿರವಾದರೂ ಏಳನೇ ಕ್ಲಾಸಿನ ಗುಂಪು ಫೋಟೋ ಇದೆಯಾ ಎಂದು ಕೇಳಿದ. ಮುಂದಿನ ಎರಡು ಗಂಟೆ ಆ ಫೋಟೋದಲ್ಲಿ ಯಾರು ಯಾರು ಅನ್ನುವುದರಲ್ಲಿ ಹೋಯಿತು. ಬಶೀರ್ ಎಡತುದಿಯಲ್ಲಿದ್ದ. ಈಗ ಎಲ್ಲಿದ್ದಾನೆ ಎಂದು ಒಬ್ಬರು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ರಾತ್ರಿ ಹತ್ತರ ಹೊತ್ತಿಗೆ ದೊಡ್ಡಪ್ಪ ಮತ್ತೆ ಬರೆದರು. ಈ ಸಲ ಸಂಸ್ಕಾರದ ಸುದ್ದಿ ಇರಲಿಲ್ಲ.

“ನಾನು ಹೆಡ್‌ಮಾಸ್ಟರಾಗಿದ್ದಾಗ ಪೂಜೆಯ ಹಿಂದಿನ ದಿನ ಒಬ್ಬ ಹುಡುಗನ ತಂದೆ ಬಂದರು. ಎಸ್ಟೇಟಿನಲ್ಲಿ ಕೆಲಸ. ಮೇಷ್ಟ್ರೇ, ತಪ್ಪು ತಿಳಿಯಬೇಡಿ, ನಮ್ಮಲ್ಲಿ ವಿಗ್ರಹಕ್ಕೆ ಕೈಮುಗಿಯುವುದಿಲ್ಲ, ಅವನನ್ನು ಬಿಡಬೇಕು ಎಂದರು. ಸರಿ ಎಂದೆ. ಅವತ್ತು ಹಾಜರಿ ಹಾಕಿ ಮನೆಗೆ ಕಳಿಸಿದೆ. ಮರುದಿನ ಅವನನ್ನು ಯಾರೂ ಏನೂ ಕೇಳಕೂಡದು ಎಂದು ಕ್ಲಾಸಿನಲ್ಲಿ ಹೇಳಿದ್ದೆ.”

ಸುಮಕ್ಕನ ದನಿಯೂ ಇಳಿದಿತ್ತು. “ದೊಡ್ಡಪ್ಪ, ಕೇರಳದಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರ ಧರ್ಮ ಒಪ್ಪುವುದಿಲ್ಲ ಅಂತ. ಶಾಲೆಯಿಂದ ಹೊರಗೆ ಹಾಕಿದರು. 1986ರಲ್ಲಿ ಸುಪ್ರೀಂ ಕೋರ್ಟು ವಾಪಸು ಸೇರಿಸಿಕೊಳ್ಳಿ ಅಂದಿತು. ಕೋರ್ಟಿಗೆ ಹೋಗದೆ ನೀವು ಅದನ್ನೇ ಮಾಡಿದ್ದೀರಿ. ಆದರೆ ಒಂದು ಕೇಳಲಾ? ನಿಮ್ಮ ಹತ್ತಿರ ಬಂದು ಹೇಳಲು ಧೈರ್ಯ ಸಾಲದ ಅಪ್ಪಂದಿರ ಮಕ್ಕಳು ಎಷ್ಟಿದ್ದರು?”

ಬೆಳಗಿನಿಂದ ಬಿದ್ದ ನೂರಾರು ಮೆಸೇಜುಗಳಲ್ಲಿ ಇದೊಂದೇ ಪ್ರಶ್ನೆ, ಇದಕ್ಕೆ ಉತ್ತರ ಬರಲಿ ಎಂದು ನಾನು ಕಾದದ್ದು. ದೊಡ್ಡಪ್ಪನ ಹೆಸರಿನ ಕೆಳಗೆ ‘ಟೈಪ್ ಮಾಡುತ್ತಿದ್ದಾರೆ’ ಎಂದು ಬಂತು, ಹೋಯಿತು, ಮತ್ತೆ ಬಂತು. ಅಷ್ಟರಲ್ಲಿ ಮುಂಬೈ ಚಿಕ್ಕಪ್ಪ ಮಗು ಕುಣಿಯುವ ವಿಡಿಯೊ ಹಾಕಿದರು. ಎಲ್ಲರೂ ನಕ್ಕರು. ದೊಡ್ಡಪ್ಪ ಏನೂ ಕಳಿಸಲಿಲ್ಲ.

ಮಲಗುವ ಮುಂಚೆ ನನ್ನೊಬ್ಬನಿಗೆ ಅತ್ತೆಯ ಮೆಸೇಜು ಬಂತು.

“ಆ ಸುಮಾ ಬರೆದದ್ದನ್ನು ನನಗೆ ಕಳಿಸು. ಸಂವಿಧಾನದ ಪುಟದ ಫೋಟೋ ಸಿಕ್ಕಿದರೆ ಅದೂ ಇರಲಿ. ಗುಂಪಿನಲ್ಲಿ ಹಾಕಬೇಡ. ನಾನು ಕೇಳಿದೆ ಅಂತ ಅವಳಿಗೆ ಹೇಳಲೂಬೇಡ.”

ಯಾಕೆ ಅತ್ತೆ ಎಂದೆ.

“ನಮ್ಮ ಭಜನಾ ಮಂಡಳಿ ಗುಂಪಿಗೆ 30ಎ ಹಾಕಿದವಳು ಆ ಪದ್ಮ. ಹೋದ ವರ್ಷ ಅಧ್ಯಕ್ಷೆ ಆದಾಗಿನಿಂದ ಎಲ್ಲಾ ತನಗೇ ಗೊತ್ತು ಅಂತ ಮೆರೀತಾಳೆ. ನಾಳೆ ಬೆಳಿಗ್ಗೆ ಎಲ್ಲರ ಎದುರು ಆಧಾರ ಕೇಳ್ತೀನಿ.”